ಲಾಲ್ ಹಕ್ಕಿಗೆ ಇಟ್ಟ ದೀಪ

ಪಂಪಮ್ಮ ಯಾರನ್ನೂ ಸುಮ್ಮನೆ ನಂಬುವ ಹೆಂಗಸಲ್ಲ. ಗೌಳಿಗಿತ್ತಿ ಕಣ್ಣೆದುರೇ ಹಿಂಡಿ ಕೊಟ್ಟ ಹಾಲಿಗೂ ಬೆರಳದ್ದಿ ನೋಡುವಳು. ಮಗ ಸೂಗಪ್ಪ ಅಂಗಡಿಯಿಂದ ಬಂದು ಬಾಗಿಲು ಹಾಕಿದೆನೆಂದರೂ ಎದ್ದು ಹೋಗಿ ಅಗಳಿ ಮುಟ್ಟಿ ಬರುವಳು. ಹೀಗಿದ್ದಾಗ ಚಿಮಣಿ ಎಣ್ಣೆಯ ಡಬ್ಬಿಯೊಳಗೆ ಆಕೆ ಜೋಳದ ದಂಟು ಇಳಿಸಿ ನೋಡಿದ್ದರಲ್ಲಿ ವಿಶೇಷವೇನಿಲ್ಲ. ವಿಶೇಷವಿದ್ದದ್ದು ದಂಟಿನ ಮೇಲೆ. ಸೋಮವಾರ ನಾಲ್ಕು ಬೆರಳಿದ್ದ ಎಣ್ಣೆ ಗುರುವಾರಕ್ಕೆ ಎರಡು ಬೆರಳಿಗೆ ಇಳಿದಿತ್ತು.

"ಶೇಖರವ್ವಾ, ಎಣ್ಣಿ ಎಲ್ಲಿ ಹೊಂಟೈತಿ?"

ಸೊಸೆ ಶೇಖರಮ್ಮ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ನನ್ನ ಕೇಳಾಕತ್ತೀರೇನ್ರಿ ಅತ್ತಿ? ನಾನೇ ಕುಡಿದೀನಿ."

"ಮಾತಿಗೇನು ಕಡಿಮಿ ಇಲ್ಲ. ನಿನ್ನ ತವರಮನಿಗೆ ಸೀಸೆ ಏನರೆ ಹೋತೇನೋ ಅಂತ ಕೇಳಿದೆ."

"ನನ್ನ ತವರಿನ ಸುದ್ದಿ ಯಾಕ್ರಿ? ನಿಮ್ಮ ಮಗಳ ಖೋಲಿ ಹೋಗಿ ನೋಡ್ರಿ. ನಾ ಅಂದ್ರ ಕಳ್ಳಿ, ಆಕಿ ಅಂದ್ರ ಕಣ್ಣಾಗಿನ ಗೊಂಬಿ!"

ಆ ಕಣ್ಣೊಳಗಿನ ಗೊಂಬೆಯ ಹೆಸರು ಅಂಬಮ್ಮ. ತುರ್ವಿಹಾಳಕ್ಕೆ ಕೊಟ್ಟಿದ್ದ ಮಗಳು. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ಲಿಂಗಸುಗೂರಿನ ತವರಿಗೆ ಬಂದು ಎರಡು ವರ್ಷವಾಗಿತ್ತು. ಇಪ್ಪತ್ತೆರಡು ತುಂಬಿರಲಿಲ್ಲ, ಮಕ್ಕಳೂ ಇರಲಿಲ್ಲ. ಪಡಸಾಲೆಯ ಹಿಂದಿನ ಒಳಖೋಲಿಯಲ್ಲಿ ಬೀಸುವ ಕಲ್ಲು, ಕಾಳಿನ ಚೀಲ, ಹಳೆಯ ಕಂಬಳಿಗಳ ನಡುವೆ ಆಕೆಯ ಹಾಸಿಗೆ. ಈಗ ಅಲ್ಲಿ ಇನ್ನೊಂದು ಸಂಸಾರವೂ ಇತ್ತು, ಬಿದಿರಿನ ಪಂಜರದಲ್ಲಿ ಒಂದು ಜೋಡಿ ಲಾಲ್ ಹಕ್ಕಿ. ಗುಬ್ಬಿಗಿಂತ ಸಣ್ಣವು. ಗಂಡು ಮೆಣಸಿನಕಾಯಿಯಂತೆ ಕೆಂಪು, ಮೈಮೇಲೆ ಬಿಳಿ ಚುಕ್ಕೆ. ಹೆಣ್ಣು ಮಣ್ಣಿನ ಬಣ್ಣದ್ದು. ಪಂಜರದ ಮೂಲೆಗೆ ಕಟ್ಟಿದ ಕುಡಿಕೆಯೊಳಗೆ ಹುಲ್ಲಿನ ಗೂಡು.

ಪಂಪಮ್ಮ ಬಾಗಿಲು ನೂಕಿದಾಗ ಅಂಬಮ್ಮ ನೆನೆಸಿದ ನವಣೆ ಬಟ್ಟೆಯ ಮೇಲೆ ಹರಡುತ್ತಿದ್ದಳು. ಗೂಡಿನ ಎದುರಿನ ಮಾಡದಲ್ಲಿ ಚಿಮಣಿ. ಅದರ ಮೇಲಿನ ಗೋಡೆ ಮಾರುದ್ದ ಕಪ್ಪಗಾಗಿತ್ತು.

"ರಾತ್ರಿ ಪೂರ್ತಿ ಉರಸ್ತಿ?"

"ಸಣ್ಣದು ಮಾಡಿ ಇಡ್ತೀನಿ ಯವ್ವಾ. ಮರಿ ಒಡದಾವ, ಮೂರು. ಹೋದ ಸಲ ಕತ್ತಲ್ಯಾಗ ಇಲಿ ಹರದಾಡಿ ತಾಯಿ ಬೆದರಿ ಹೊರಗ ಬಿತ್ತು. ಕತ್ತಲ್ಯಾಗ ಗೂಡಿನ ಬಾಯಿ ಸಿಗಲಿಲ್ಲ ಅದಕ್ಕ. ಬೆಳಗಾಗೂದರಾಗ ನಾಲ್ಕೂ ಮರಿ ಸೆಟದು ಬಿದ್ದಿದ್ವು. ದೀಪ ಇದ್ರ ತಿರುಗಿ ಹೋಗಿ ಕೂಡ್ತಾಳ."

"ಯಾರು ಹೇಳಿದ್ದು ಈ ಶಾಸ್ತ್ರ?"

"ಪೀರ್‌ಬೀ."

ಪೀರ್‌ಬೀ ಊರಿನ ಸೂಲಗಿತ್ತಿ. ಮೊದಲು ಕಂದಾಯದ ಗಿರ್ದಾವರ ಸಾಹೇಬರ ಹೆಂಡತಿ ಅಖ್ತರಬೇಗಂಳ ಮನೆಯಲ್ಲಿ ಕೆಲಸಕ್ಕಿದ್ದವಳು. ಹಕ್ಕಿಗಳೂ ಬೇಗಂಳವೇ. ಹೋದ ವರ್ಷ ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ರಾಜ್ಯ ಹೋದಾಗ ಸಾಹೇಬರ ಮನೆಯವರು ರಾತ್ರೋರಾತ್ರಿ ಹೈದರಾಬಾದಿಗೆ ಹೊರಟರು. ಬೇಗಂ ಹಿತ್ತಲ ಬಾಗಿಲಿಗೆ ಬಂದು, ಎಂಟು ದಿನ ಜೋಪಾನ ಮಾಡು ತಂಗಿ ಎಂದು ಪಂಜರವನ್ನು ಅಂಬಮ್ಮನ ಕೈಗಿಟ್ಟಳು. ಎಂಟು ದಿನ ಹದಿನಾಲ್ಕು ತಿಂಗಳಾಗಿತ್ತು. ಅಷ್ಟರಲ್ಲಿ ಊರಲ್ಲಿ ಇನ್ನೊಂದು ಗುಲ್ಲು. ಬೇಗಂಳ ಬಂಗಾರದ ಟ್ರಂಕು ಯಾರದೋ ಮನೆಯಲ್ಲಿದೆಯಂತೆ. ಯಾರ ಮನೆಯಲ್ಲಿ ಹೊಸ ತಾಮ್ರದ ಕೊಡ ಬಂದರೂ ಜನ ಅದನ್ನು ತಿರುಗಿಸಿ ನೋಡುವ ಕಾಲ. ಬಗಲಿನ ಮನೆಯ ಗದ್ದೆಮ್ಮ ಒಂದು ದಿನ ಬಾಯಿ ಬಿಟ್ಟು ಕೇಳಿಯೇಬಿಟ್ಟಿದ್ದಳು. ಪಂಪಮ್ಮ ಅಂದು, "ಬಸವಣ್ಣನ ಆಣಿ, ಆಕಿದು ಒಂದು ಹುಲ್ಲುಕಡ್ಡಿನೂ ನಮ್ಮನ್ಯಾಗ ಇಲ್ಲ" ಎಂದಳು. ಅಂದಿನಿಂದ ಲಾಲ್ ಹಕ್ಕಿ ಒಳಖೋಲಿ ಸೇರಿದವು. ಚಿಲಿಪಿಲಿ ಕೇಳಿದವರು ಗುಬ್ಬಿ ಎಂದುಕೊಳ್ಳಲಿ, ಗುಬ್ಬಿಯಿಲ್ಲದ ಮನೆ ಯಾವುದಿದೆ?

ಎಣ್ಣೆಯ ಜಗಳ ಅಂದು ಅಲ್ಲಿಗೆ ನಿಂತಿತು. ಆದರೆ ಪಂಪಮ್ಮನ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಆಗ ಚಿಮಣಿ ಎಣ್ಣೆ ಎಂದರೆ ಚೀಟಿ ಹಿಡಿದು ಸಾಲಿನಲ್ಲಿ ನಿಂತು ತರುವ ಪದಾರ್ಥ. ಅಂಗಡಿಕಾರ ಸೂಗಪ್ಪನ ಮನೆಗೂ ಅಷ್ಟೇ ಅಳತೆ. ಮರುದಿನ ಬಾವಿಕಟ್ಟೆಯಲ್ಲಿ ಹಗ್ಗ ಸೇದುತ್ತ ಗದ್ದೆಮ್ಮನ ಮುಂದೆ ಸಂಕಟ ತೋಡಿಕೊಂಡಳು.

"ಏನ್ ಹೇಳ್ಲೆವ್ವಾ, ನಮ್ಮ ಅಂಬವ್ವನ ಖೋಲ್ಯಾಗ ರಾತ್ರಿ ಪೂರ್ತಿ ದೀಪ. ಬ್ಯಾಡಂದ್ರ ಕೇಳಂಗಿಲ್ಲ."

"ರಾತ್ರಿ ಪೂರ್ತಿ?" ಗದ್ದೆಮ್ಮ ಕೊಡ ಕೆಳಗಿಟ್ಟಳು. "ಯಾಕಂತ?"

ಹಕ್ಕಿ ಎನ್ನುವಂತಿರಲಿಲ್ಲ. "ಕತ್ತಲಂದ್ರ ಅಂಜಿಕಿ ಅಂತಾಳ" ಎಂದಳು ಪಂಪಮ್ಮ.

"ಹೌದೇನು" ಎಂದಳು ಗದ್ದೆಮ್ಮ. ಬೇರೇನೂ ಕೇಳಲಿಲ್ಲ. ಗದ್ದೆಮ್ಮ ಕೇಳುವುದನ್ನು ನಿಲ್ಲಿಸಿದಳೆಂದರೆ ಆಕೆಗೆ ಉತ್ತರ ಸಿಕ್ಕಿತೆಂದೇ ಲೆಕ್ಕ. ಅದು ಪಂಪಮ್ಮನಿಗೆ ಆಗ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಜಗತ್ತನ್ನೆಲ್ಲ ಜಾಲಿಸಿ ನೋಡುವವರಿಗೆ ತಮ್ಮ ಬಾಯಿಯಿಂದ ಬಿದ್ದದ್ದು ಮಾತ್ರ ಕಾಣುವುದಿಲ್ಲ.

ಮೂರು ದಿನಕ್ಕೆ ಮನೆಯಲ್ಲಿ ಮತ್ತೊಂದು ರಂಪ. ಪಾತ್ರೆ ತಿಕ್ಕಲು ಬೂದಿ ತರಲು ಹೋದ ಶೇಖರಮ್ಮ ಎರಡು ಬೆರಳಲ್ಲಿ ಏನನ್ನೋ ಹಿಡಿದುಕೊಂಡು, ಕೈಯನ್ನು ಮೈಯಿಂದ ದೂರ ಚಾಚಿ, ಪಡಸಾಲೆಗೆ ಬಂದಳು. ಕೋಳಿಮೊಟ್ಟೆಯ ಸಿಪ್ಪೆ.

"ಲಿಂಗ ಕಟ್ಟಿದ ಮನ್ಯಾಗ!" ಪಂಪಮ್ಮ ಎದೆ ಬಡಿದುಕೊಂಡಳು. "ಯಾರು ತಂದ್ರು ಇದನ್ನ?"

"ನಾ ಯವ್ವಾ." ಅಂಬಮ್ಮ ಬೀಸುವ ಕಲ್ಲು ಬಿಟ್ಟು ಎದ್ದು ಬಂದಳು. "ಪೀರ್‌ಬೀ ಕುದಿಸಿಕೊಂಡು ತಂದಿದ್ಲು. ಮರಿಗೆ ಒಳಗಿನ ಹಳದಿ ಹಾಕಬೇಕಂತ. ಈ ಥಂಡ್ಯಾಗ ಹುಳ ಎಲ್ಲೂ ಸಿಗವಲ್ವು. ನಾ ಕೈಲೆ ಮುಟ್ಟಿಲ್ಲ, ಕಡ್ಡೀಲೆ ಹಾಕೀನಿ."

"ಮರಿಗೆ ಹಾಕಿದ್ಯೋ, ನೀ ತಿಂದ್ಯೋ?"

"ನಾ ಯಾಕ ತಿನ್ಲಿ?"

ಅದೇ ಪ್ರಶ್ನೆ ಪಂಪಮ್ಮನ ತಲೆಯಲ್ಲೂ ಇತ್ತು. ತಿನ್ನುವ ಬಯಕೆ ಯಾಕೆ ಬಂದೀತು? ಹತ್ತು ದಿನದಿಂದ ಹುಡುಗಿ ಬಾವಿಗೆ ಬಂದಿಲ್ಲ. ಊಟಕ್ಕೆ ಕೂತರೆ ಅರ್ಧ ರೊಟ್ಟಿ ಬಿಟ್ಟು ಏಳುತ್ತಾಳೆ. ಆ ಸೂಲಗಿತ್ತಿ ದಿನಬಿಟ್ಟು ದಿನ ಹಿತ್ತಲಿನಿಂದ ಬಂದು ಹಿತ್ತಲಿನಿಂದಲೇ ಹೋಗುತ್ತಾಳೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಪಂಪಮ್ಮ ಮಗಳು ತಿರುಗಿ ಹೋಗುವಾಗ ಸೊಂಟದ ಸುತ್ತಳತೆಯನ್ನೇ ನೋಡುತ್ತ ಕೂತಳು. ಅಂದು ಮನೆಯ ನೆಲವನ್ನೆಲ್ಲ ಸೆಗಣಿ ಹಾಕಿ ಸಾರಿಸಿದ್ದಾಯಿತು.

ಇದೆಲ್ಲ ನಡೆದದ್ದು ಎಂಥ ಹೊತ್ತಿನಲ್ಲಿ ಎಂಬುದನ್ನೂ ಹೇಳಬೇಕು. ಮಠದ ಕರಿಬಸಯ್ಯನವರು ಅಂಬಮ್ಮನಿಗೆ ಒಂದು ಉಡಿಕೆಯ ಸಂಬಂಧ ತಂದಿದ್ದರು. ಗಂಡ ತೀರಿದವಳಿಗೆ ಎರಡನೆಯ ಸಲ ಸೀರೆ ಉಡಿಸಿ ಕೊಡುವ ಪದ್ಧತಿ ಇವರಲ್ಲಿ ಉಂಟು. ಸಂತೆಕಲ್ಲೂರಿನ ಅಮರಗುಂಡಪ್ಪ, ಮೂವತ್ತರ ಒಳಗಿನವನು. ಹೆಂಡತಿ ತೀರಿಹೋಗಿದ್ದಳು, ಮೂರು ವರ್ಷದ ಹೆಣ್ಣುಮಗು ಇತ್ತು, ಇಪ್ಪತ್ತು ಎಕರೆ ಎರೆಹೊಲ. ಅವನ ತಾಯಿ ಆದಮ್ಮ ಹುಡುಗಿಯನ್ನು ಒಮ್ಮೆ ನೋಡಿ, ಆಗಲಿ ಎಂದಿದ್ದಳು. ಅಂಬಮ್ಮ ಮಾತ್ರ ದೀಪಾವಳಿಯ ತನಕ ಆಗಲಿ ಎಂದೂ ಅನ್ನದೆ, ಬೇಡ ಎಂದೂ ಅನ್ನದೆ ಇದ್ದಳು. ಕಳೆದ ಅಮಾವಾಸ್ಯೆಗೆ ಒಮ್ಮೆಲೇ "ಹ್ಞೂಂ ಅನ್ರಿ" ಎಂದಳು. ಪಂಪಮ್ಮ ಆ ರಾತ್ರಿ ಸಂತೋಷದಿಂದ ಅತ್ತಿದ್ದಳು. ಮಗಳು ಆ ಕಾಳಿನ ಚೀಲಗಳ ನಡುವೆ ಮುದುಕಿಯಾಗುವುದು ತಪ್ಪಿತಲ್ಲ! ಆಕೆಗೆ ಈ ಲೋಕದಲ್ಲಿ ಬೇಕಾದದ್ದು ಇದೊಂದೇ ಆಗಿತ್ತು.

ಎರಡನೆಯ ವಾರ ಗದ್ದೆಮ್ಮ ಮುಸುಕಿನೊಳಗೆ ಮುಚ್ಚಿಕೊಂಡು ಎರಡು ಸಿವುಡು ಸಬ್ಬಸಿಗೆ ಸೊಪ್ಪು ತಂದಳು.

"ಇಟ್ಕೋ ಪಂಪವ್ವ. ಹಾಲು ಛಲೋ ಇಳೀತಾವ."

"ಎಮ್ಮಿ ಮಾರಿ ಆರು ತಿಂಗಳಾತಲ್ಲ, ಯಾರ ಹಾಲು?"

"ನನ್ನ ಮುಂದ ಯಾಕ ಮುಚ್ಚಿಡ್ತಿ? ನಾನೂ ಹೆಣ್ಣು ಹಡದಾಕಿ. ನಾ ಯಾರ ಮುಂದೂ ಅನ್ನಂಗಿಲ್ಲ." ಗದ್ದೆಮ್ಮ ಆಕೆಯ ಕೈ ಸವರಿದಳು. "ಗಂಡೋ, ಹೆಣ್ಣೋ?"

ಈ ಕಡೆ ಒಳಖೋಲಿಯಲ್ಲಿ ಬೆಳತನಕ ದೀಪ ಉರಿಯುವುದು ಎರಡೇ ಕಾರಣಕ್ಕೆ. ಒಂದು, ಅಲ್ಲಿ ಜೀವ ಹೋಗಿರಬೇಕು. ಇಲ್ಲವೇ, ಜೀವ ಬಂದಿರಬೇಕು. ಬಾಣಂತಿಯ ಖೋಲಿಯನ್ನು ಕತ್ತಲು ಮಾಡುವುದಿಲ್ಲ. ಸೂಗಪ್ಪನ ಮನೆಯಲ್ಲಿ ಯಾರೂ ಸತ್ತಿರಲಿಲ್ಲ. ಹಿತ್ತಲ ಗವಾಕ್ಷಿಯಲ್ಲಿ ದೀಪ, ಬಾಗಿಲಲ್ಲಿ ಸೂಲಗಿತ್ತಿ, ಬೂದಿಗುಂಡಿಯಲ್ಲಿ ಮೊಟ್ಟೆಯ ಸಿಪ್ಪೆ, ಬಾವಿಗೆ ಬಾರದ ವಿಧವೆ ಮಗಳು. ಊರಿಗೆ ಇನ್ನೇನು ಬೇಕು? ಪಂಪಮ್ಮ ಸೊಪ್ಪನ್ನು ಗದ್ದೆಮ್ಮನ ಕಾಲ ಬಳಿ ಒಗೆದು ಬಾಗಿಲು ಹಾಕಿಕೊಂಡಳು. ಹಾಕಿದ ಮೇಲೆ ಅಗಳಿಯನ್ನು ಎರಡು ಸಲ ಮುಟ್ಟಿ ನೋಡಿದಳು.

ಸಂಜೆಗೆ ಕರಿಬಸಯ್ಯನವರೇ ಬಂದರು. ಕಟ್ಟೆಯ ಮೇಲೆ ಕೂತವರು ನೀರೂ ಮುಟ್ಟಲಿಲ್ಲ.

"ಪಂಪವ್ವ, ಆದವ್ವ ಕೇಳಿ ಕಳಸ್ಯಾಳ. ನಿಮ್ಮನ್ಯಾಗ ಬಾಣಂತಿ ಯಾರು ಅಂತ. ಸಂತಿ ದಿನ ತಾನೇ ಬಂದು ನೋಡ್ತಾಳಂತ. ಹೌದಂದ್ರ ಹೌದನ್ನು, ನಾ ಮಧ್ಯದಾಗ ಮಾರಿ ಕೆಡಿಸಿಕೊಳ್ಳೂದು ಬ್ಯಾಡ."

"ಯಾರೂ ಇಲ್ರೀ ಅಪ್ಪಾರ. ಲಿಂಗದ ಮ್ಯಾಲ ಆಣಿ…"

ಆಣೆ ಅರ್ಧಕ್ಕೇ ನಿಂತಿತು. ಒಂದು ಸುಳ್ಳಾಣೆ ಆಗಲೇ ತಲೆಯ ಮೇಲಿತ್ತು.

ರಾತ್ರಿ ಪುಂಡಿಪಲ್ಯ, ರೊಟ್ಟಿ. ಸೂಗಪ್ಪ ಒಂದು ತುತ್ತು ಮುರಿದು ಹಾಗೇ ಹಿಡಿದಿದ್ದ.

"ದೀಪ ತಗಿ ಅಂಬವ್ವ. ಇವತ್ತೇ ತಗಿ."

"ಮರಿ ಪುಕ್ಕ ಬರಬೇಕಣ್ಣಾ. ಇನ್ನ ಎಂಟು ದಿನ."

"ನಿನ್ನ ಬಾಳೇವು ದೊಡ್ಡದೋ, ಆ ಹಕ್ಕಿ ಬಾಳೇವು ದೊಡ್ಡದೋ? ಅಂಗಡ್ಯಾಗ ಗಿರಾಕಿ ನನ್ನ ಮಾರಿ ನೋಡಿ ನಗಾಕತ್ತಾರ!"

ಅಂಬಮ್ಮ ಎಂದೂ ದನಿಯೆತ್ತಿದವಳಲ್ಲ. ಅಂದೂ ಎತ್ತಲಿಲ್ಲ.

"ತಗೀತೀನಿ. ನಾಳೆ ಏನಂತಾರ? ಮೊನ್ನೆ ತನಕ ದೀಪ ಇತ್ತು, ಇವತ್ತಿಲ್ಲ, ಅಂದ್ರ ಕೂಸಿನ ಕುತಿಗಿ ಹಿಚಕ್ಯಾರ ಅಂತಾರ. ಆವಾಗ ಪೊಲೀಸ್ರು ಬಂದು ಹಿತ್ತಲ ಅಗೀತಾರ. ತಗೀಲೇನು, ಹೇಳ್ರಿ."

ಸೂಗಪ್ಪ ಹಿಡಿದಿದ್ದ ತುತ್ತನ್ನು ತಟ್ಟೆಗೆ ಹಾಕಿದ. ಕೊನೆಗೆ ಶೇಖರಮ್ಮ ಗಂಡನ ತಟ್ಟೆಗೆ ಪಲ್ಯ ಬಡಿಸುತ್ತ, "ಆಕಿ ಮಾತು ಖರೆ ಐತ್ರಿ. ದೀಪ ಇರಲಿ" ಎಂದಳು. ಅತ್ತೆಯ ಕಡೆ ತಿರುಗಿ, "ಹಕ್ಕಿ ಅಂತ ಹೇಳಿಬಿಟ್ರ ಮುಗೀತಲ್ರಿ?" ಎಂದಳು.

"ಹೇಳು, ಹೇಳು. ಪಂಜರ ಬಂದೈತಿ ಅಂದ್ರ ಟ್ರಂಕು ಎಲ್ಲಿ ಅಂತಾರ. ಬಸವಣ್ಣನ ಆಣಿ ಮಾಡೀನಿ ನಾ."

"ರಾತ್ರಿ ಪೂರ್ತಿ ದೀಪ ಐತಿ ಅಂತ ಹೊರಗ ಯಾರು ಹೇಳಿದ್ರು?" ಅಂಬಮ್ಮ ಕೇಳಿದಳು. "ಗವಾಕ್ಷಿ ಬೆಳಕು ನೋಡಿ ಇಷ್ಟು ಕಟ್ಟಾಕ ಬರಂಗಿಲ್ಲ."

ಪಂಪಮ್ಮ ಚಟ್ನಿಯ ಬಟ್ಟಲು ಎತ್ತಿಕೊಂಡು ಅಡಿಗೆಮನೆಗೆ ನಡೆದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಕತೆ ಆಯಿತು. ಆ ನಡಿಗೆಯೇ ಎಲ್ಲವನ್ನೂ ಹೇಳಿತು.

ಸಂತೆಯ ದಿನ ಮಧ್ಯಾಹ್ನ ಆದಮ್ಮನ ಬಂಡಿ ಬಂತು. ದಪ್ಪ ಹೆಂಗಸು, ಮಾತು ಕಡಿಮೆ. ಕಾಲು ತೊಳೆದವಳು ಚಾಪೆಯ ಮೇಲೆ ಕೂಡದೆ ನೇರ ಒಳಖೋಲಿಯತ್ತ ನಡೆದಳು. ಹಿಂದೆ ಕರಿಬಸಯ್ಯನವರು. ಅವರ ಹಿಂದೆ, ಯಾರೂ ಕರೆಯದಿದ್ದರೂ, ಹಿಟ್ಟು ಸಾಲ ಕೇಳುವ ನೆವದಲ್ಲಿ ಗದ್ದೆಮ್ಮ.

"ಬಾಗಲಾ ತಗಿಯವ್ವ" ಎಂದಳು ಆದಮ್ಮ.

ಅಂಬಮ್ಮ ತೆರೆದಳು. "ದನಿ ಸಣ್ಣ ಮಾಡ್ರಿ. ತಾಯಿ ಗೂಡಿನಾಗ ಕೂತಾಳ."

ಹಗಲಲ್ಲೂ ನಸುಗತ್ತಲಿನ ಖೋಲಿ. ಮಾಡದಲ್ಲಿ ಚಿಮಣಿ ಆಗಲೂ ಜೋಳದ ಕಾಳಿನಷ್ಟು ಉರಿ ಇಟ್ಟುಕೊಂಡಿತ್ತು. ಆದಮ್ಮ ಪಂಜರದ ಹತ್ತಿರ ಬಗ್ಗಿದಳು. ಕುಡಿಕೆಯ ಬಾಯಲ್ಲಿ ಕೆಂಪು ಕೊಕ್ಕೊಂದು ಹಣಿಕಿತು, ಅದರ ಕೆಳಗೆ ಮೂರು ಬಾಯಿಗಳು ಒಮ್ಮೆಲೇ ತೆರೆದವು. ಆದಮ್ಮ ಅವುಗಳನ್ನು ನೋಡಿದಳು, ಹಾಸಿಗೆ ನೋಡಿದಳು, ಚೀಲಗಳ ಹಿಂದೆ ನೋಡಿದಳು, ಅಂಬಮ್ಮನನ್ನು ಅಡಿಯಿಂದ ಮುಡಿಯ ತನಕ ನೋಡಿದಳು. ಆಮೇಲೆ ಸೆರಗನ್ನು ಬಾಯಿಗೊತ್ತಿಕೊಂಡು ಮೈಯೆಲ್ಲ ಕುಲುಕುವಂತೆ ನಕ್ಕಳು.

"ಇದೇನ್ರಿ ಅಯ್ಯನವರೇ, ಬಾಣಂತಿ? ಇದಕ್ಕ ನಾ ಬಂಡಿ ಕಟ್ಟಿಸಿಕೊಂಡು ಬಂದೆ! ಹಕ್ಕಿ ಮರಿಗೆ ರಾತ್ರಿ ಎದ್ದು ಕೂಡಾಕಿ ನನ್ನ ಮೊಮ್ಮಗಳನ್ನ ಕೈ ಬಿಡಂಗಿಲ್ಲ ಬಿಡ್ರಿ."

ಪಂಪಮ್ಮನಿಗೆ ಹೋದ ಜೀವ ಬಂದಂತಾಯಿತು. ಅಷ್ಟರಲ್ಲಿ ಬಾಗಿಲಿನಿಂದ ಗದ್ದೆಮ್ಮನ ದನಿ.

"ಇದು ಬೇಗಮ್ಮನ ಪಂಜರ ಅಲ್ಲೇನು? ಆಣಿ ಮಾಡಿದ್ಯಲ್ಲ ಪಂಪವ್ವ?"

"ಮಾಡಿದ್ದೆ!" ಪಂಪಮ್ಮ ತಿರುಗಿ ನಿಂತಳು. ಎರಡು ವಾರದ ಉರಿ ಒಮ್ಮೆಗೇ ಬಾಯಿಗೆ ಬಂತು. "ಸುಳ್ಳಾಣಿ ಮಾಡಿದ್ದೆ. ಬಸವಣ್ಣ ಏನು ಮಾಡ್ತಾನೋ ಮಾಡಲಿ. ಟ್ರಂಕು ಬೇಕೇನು ನಿನಗ? ಬಾ, ಅಡಕಲ ಗಡಿಗಿ ಇಳಿಸು, ನೆಲ ಅಗಿ, ಸಿಕ್ರ ಅರ್ಧ ನಿನಗ!"

ಗದ್ದೆಮ್ಮ ಹಿಟ್ಟನ್ನೂ ಕೇಳದೆ ಹೋದಳು. ಊರ ಬಾಯಿಗೆ ಅಂದಿನಿಂದ ಬಾಣಂತಿಯ ಬದಲು ಬಂಗಾರ ಸಿಕ್ಕಿತು. ಸೂಗಪ್ಪ ಎರಡು ದಿನ ತಾಯಿಯೊಂದಿಗೆ ಮಾತಾಡಲಿಲ್ಲ. ಪಂಪಮ್ಮ ಬಸವಣ್ಣನ ಗುಡಿಗೆ ಹೋಗಿ ತಪ್ಪು ಕಾಣಿಕೆ ಇಟ್ಟು, ಐದು ಸೋಮವಾರ ಒಪ್ಪತ್ತು ಹಿಡಿದಳು. ಬಂಗಾರದ ಮಾತು ಮೈಗೆ ಹತ್ತುವುದಲ್ಲ, ಆಡಿಕೊಳ್ಳಲಿ ಎಂದಳು. ಮುಂದಿನ ಗುರುವಾರಕ್ಕೆ ಉಡಿಕೆ ಗೊತ್ತಾಯಿತು.

ಇಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಊರು ನಂಬಿತು, ಬೀಗರು ನಂಬಿದರು, ಗದ್ದೆಮ್ಮ ಕೂಡ ಬಾಯಿ ಮುಚ್ಚಿದಳು. ನಂಬದೆ ಉಳಿದವಳು ಒಬ್ಬಳೇ.

ಪಂಪಮ್ಮನಿಗೆ ನಿದ್ದೆ ಬರಲೊಲ್ಲದು. ಹಕ್ಕಿ ಇರುವುದು ಖರೆ, ಮರಿ ಇರುವುದೂ ಖರೆ. ಆದರೆ ಹಕ್ಕಿಯೇ ನೆವವಾಗಿರಬಾರದೇಕೆ? ಆರು ತಿಂಗಳು ಒಲ್ಲೆ ಒಲ್ಲೆ ಎಂಬಂತೆ ಇದ್ದವಳು ಒಮ್ಮೆಲೇ ಹ್ಞೂಂ ಎಂದದ್ದೇಕೆ? ಅಷ್ಟೇನು ಅವಸರ? ಪೀರ್‌ಬೀಗೆ ಹಡಿಸಲೂ ಗೊತ್ತು, ಬಸಿರು ಇಳಿಸಲೂ ಗೊತ್ತು. ನಾಳೆ ಸಂತೆಕಲ್ಲೂರಿನಲ್ಲಿ ಆರೇ ತಿಂಗಳಿಗೆ ಕೂಸು ಹುಟ್ಟಿದರೆ ಆದಮ್ಮ ಬಂಡಿ ಕಟ್ಟಿಸಿಕೊಂಡು ಮತ್ತೆ ಬರುವಳು, ಆಗ ನಗಲು ಬರುವುದಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವಳನ್ನು ಹೀಗೆ ತೂಗಿ ನೋಡುತ್ತೇನಲ್ಲ ಎಂದು ತನಗೆ ತಾನೇ ಹೇಸಿದಳು. ಹೇಸಿಕೊಂಡೇ ಮತ್ತೆ ತೂಗಿದಳು.

ಗುರುವಾರ ಬೆಳಗ್ಗೆ ಬಚ್ಚಲ ಒಲೆಗೆ ಹತ್ತಿಕಟ್ಟಿಗೆ ತುಂಬಿದ್ದರು. ಉಡಿಕೆಗೆ ಹಂದರವಿಲ್ಲ, ಬಾಜಾ ಇಲ್ಲ. ಆದರೂ ಹೆಣ್ಣಿಗೆ ಎಣ್ಣೆ ಹಚ್ಚಿ ಎರೆಯದೆ ಹೊಸ ಸೀರೆ ಉಡಿಸುವುದಿಲ್ಲ. ಎರೆಯಲು ಶೇಖರಮ್ಮ ಸೆರಗು ಸಿಕ್ಕಿಸಿ ನಿಂತಿದ್ದಳು.

"ನೀ ಅಡಿಗಿ ಒಲಿ ಕಡೆ ನೋಡು. ನಾನೇ ಎರೀತೀನಿ" ಎಂದಳು ಪಂಪಮ್ಮ.

ಅಂಬಮ್ಮನ ಮುಖ ಅರಳಿತು. ಗಂಡ ಹೋದ ಮೇಲೆ ತಾಯಿ ಆಕೆಯ ತಲೆಗೆ ಎಣ್ಣೆಯಿಟ್ಟಿರಲಿಲ್ಲ. ಮಣೆಯ ಮೇಲೆ ಮೊಣಕಾಲು ತಬ್ಬಿ ಕೂತು ಕೂಸಿನಂತೆ ಬಡಬಡಿಸಿದಳು. ಮರಿಗಳು ಗೂಡು ಬಿಟ್ಟು ಕೋಲಿನ ಮೇಲೆ ಕೂತಿವೆ, ಒಂದಕ್ಕೆ ಆಗಲೇ ಕೊಕ್ಕು ಕೆಂಪಾಗುತ್ತಿದೆ, ಪಂಜರವನ್ನು ಪೀರ್‌ಬೀ ಒಯ್ಯುತ್ತಾಳೆ, ಹೈದರಾಬಾದಿಗೆ ಹೋಗುವವರು ಸಿಕ್ಕರೆ ಬೇಗಂಗೆ ಮುಟ್ಟಿಸುತ್ತಾಳೆ.

"ಯವ್ವಾ, ಒಂದು ಮಾತು. ಅಮಾಸಿ ದಿನ ಹ್ಞೂಂ ಅಂದೆನಲ್ಲ, ಯಾಕ ಗೊತ್ತೇನು? ಆ ನಾಲ್ಕು ಮರಿ ಸತ್ತಿದ್ವಲ್ಲ, ಅವನ್ನ ಹಿತ್ತಲ್ದಾಗ ಮುಚ್ಚಿ ಬಂದೆ. ಆಮ್ಯಾಲ ಅನಿಸ್ತು, ಅಲ್ಲೊಂದು ತಾಯಿಲ್ಲದ ಕೂಸು ಐತಿ, ಇಲ್ಲಿ ನಾ ಸುಮ್ಮನ ಕೂತೀನಿ ಅಂತ."

ಪಂಪಮ್ಮನ ಕೈಗಳು ನೆತ್ತಿ ತಟ್ಟಿದವು, ಬೆನ್ನು ತಿಕ್ಕಿದವು. ಮಗಳ ಮಾತು ಕಿವಿಗೆ ಬಿತ್ತು, ಎದೆಗೂ ಮುಟ್ಟಿತು. ಇನ್ನು ಸಾಕು ಎಂದು ಆಕೆಯೂ ಅಂದುಕೊಂಡಳು. ಆದರೆ ಕೈ ಕೇಳಲಿಲ್ಲ. ಪಕ್ಕೆಯಿಂದ ಮುಂದೆ ಜಾರಿ, ಎಣ್ಣೆ ಹಚ್ಚುವ ನೆವದಲ್ಲಿ ಹೊಕ್ಕುಳ ಕೆಳಗೆ ಬಂದು, ನಾಲ್ಕು ಬೆರಳು ಕೂಡಿಸಿ ಮೆಲ್ಲಗೆ ಒತ್ತಿತು. ಒಮ್ಮೆ, ಸ್ವಲ್ಪ ಕೆಳಗೆ ಸರಿದು ಇನ್ನೊಮ್ಮೆ.

ಅಂಬಮ್ಮನ ಮಾತು ನಿಂತಿತು.

ಒಲೆಯಲ್ಲಿ ಹತ್ತಿಕಟ್ಟಿಗೆ ಚಟಚಟ ಎನ್ನುತ್ತಿತ್ತು. ಪಂಪಮ್ಮ ಕೈ ಹಿಂದೆಗೆಯಲು ನೋಡಿದಳು. ಅಂಬಮ್ಮ ಬಿಡಲಿಲ್ಲ. ತಾಯಿಯ ಅಂಗೈಯನ್ನು ತನ್ನ ಎರಡೂ ಕೈಯಿಂದ ಹಿಡಿದು, ಹೊಟ್ಟೆಯ ಮೇಲೆ ಗಟ್ಟಿಯಾಗಿ ಒತ್ತಿಕೊಂಡಳು. ತಿರುಗಿ ನೋಡಲಿಲ್ಲ.

"ಸರಿಯಾಗಿ ನೋಡು ಯವ್ವಾ. ಅರ್ಧ ನೋಡಿ ಬಿಟ್ರ ನಿನಗ ನಿದ್ದಿ ಬರಂಗಿಲ್ಲ."

"ಅಂಬೂ, ನಾ… ಎಣ್ಣಿ ಹಚ್ಚಾಕತ್ತಿದ್ದೆ…"

"ಹ್ಞೂಂ. ಎದಿನೂ ಹಿಂಡಿ ನೋಡು. ಊರವರು ದೀಪ ನೋಡಿ ಅಂದ್ರು, ಅವರಿಗೇನು ಗೊತ್ತು? ಆದವ್ವ ಬಾಗಲಾ ತಗಿಸಿ ನೋಡಿ ನಕ್ಕು ಹೋದ್ಲು. ನೀ ಹಡದಾಕಿ, ನೀ ಒತ್ತಿ ನೋಡಬೇಕಲ್ಲ."

ಪಂಪಮ್ಮ ಮಣ್ಣಿನ ನೆಲದ ಮೇಲೆ ಕೂತುಬಿಟ್ಟಳು. ಅಂಬಮ್ಮ ಆಕೆಯ ಕೈ ಬಿಟ್ಟಳು, ಮೈಮೇಲಿನ ಸೀರೆಯನ್ನು ಎಳೆದು ಹೊದ್ದುಕೊಂಡಳು.

"ವೈನೀ" ಎಂದು ಕೂಗಿದಳು. "ನೀರು ಆರಾಕತ್ಯಾವ. ನೀ ಬಂದು ಹಾಕು."

ಶೇಖರಮ್ಮ ಒಳಗೆ ಬಂದು ಅತ್ತೆಯನ್ನೂ ನಾದಿನಿಯನ್ನೂ ನೋಡಿದಳು. ತಂಬಿಗೆ ಎತ್ತಿಕೊಂಡಳು.